ಟಗರುಗಳ ಜೂರಾಕಾನ್

ಸಾರಿಬುಲುಂಗಿಗೆ ಹೊಸದಾಗಿ ಬಂದವರು ಜೂರಾಕಾನಳ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಮೂಗೊಂದಿದ್ದರೆ ಸಾಕು. ಊರಿನವರ ಮೂವತ್ತನಾಲ್ಕು ಟಗರುಗಳು ಆರು ತಿಂಗಳು ಕೂಡಿ ಬಾಳುವ ಅಂಗಳ ಅದು; ಅದರ ಗಬ್ಬು ಹೊಳೆಯ ಆಚೆ ದಡಕ್ಕೂ ಹೋಗುತ್ತದೆ. ಯಾರಾದರೂ ಮೂಗು ಮುಚ್ಚಿಕೊಂಡರೆ ಆಕೆ ಬಿಡುವವಳಲ್ಲ. "ನಿಮ್ಮ ಗಂಡಂದಿರಿಗಿಂತ ವಾಸಿ ಕಣ್ರೇ. ಇವು ವೋಡ್ಕಾನಾದ್ರೂ ಕುಡಿಯಲ್ಲ."

ಆಕೆಗೀಗ ಅರವತ್ತೆಂಟು. ಕುಳ್ಳು, ಗುಂಡಗಿನ ಮುಖ, ತಲೆಯ ಮೇಲೆ ಸತ್ತ ಗಂಡನ ಬಿಳಿ ಉಣ್ಣೆ ಟೋಪಿ. ಎಡಗೈ ಹೆಬ್ಬೆರಳು ಒಂದು ಟಗರಿನ ಕೊಂಬಿಗೆ ಸಿಕ್ಕಿ ಹೊರಕ್ಕೆ ತಿರುಗಿ ಹಾಗೆಯೇ ಕೂಡಿಕೊಂಡಿದೆ. ಆ ಬೆರಳಿನಲ್ಲೇ ಆಕೆ ಎಲ್ಲರಿಗೂ ದಾರಿ ತೋರಿಸುವುದು. ಗುರುತಿಲ್ಲದವರು ತಪ್ಪು ದಿಕ್ಕಿಗೆ ಹೋಗುತ್ತಾರೆ.

ಕೆಲಸ ಹೇಳುವುದಕ್ಕೆ ಸಣ್ಣದು. ಹುಲ್ಲು ಚಿಗುರಿದೊಡನೆ ಮನೆಮನೆಯವರೂ ತಮ್ಮ ಟಗರನ್ನು ತಂದು ಅವಳ ವಶಕ್ಕೆ ಕೊಡುತ್ತಾರೆ. ಅಕ್ಟೋಬರ್ ಕೊನೆಯವರೆಗೆ ಅವು ಹೆಣ್ಣು ಕುರಿಗಳ ಹತ್ತಿರ ಸುಳಿಯಬಾರದು. ಸುಳಿದರೆ ಮರಿ ಹುಟ್ಟುವುದು ನಡುಚಳಿಯಲ್ಲಿ. ಹುಟ್ಟಿದ್ದು ಹುಟ್ಟಿದ ಜಾಗದಲ್ಲೇ ಸೆಟೆದುಹೋಗುತ್ತದೆ. ಟಗರುಗಳನ್ನು ಬೇರೆ ಗುಡ್ಡದಲ್ಲಿ ಮೇಯಿಸಿದರೂ ನೀರಿಗೆ ಇಳಿಯುವ ಹೊಳೆ ಒಂದೇ ತಾನೆ? ಅದಕ್ಕೇ ಪ್ರತಿಯೊಂದರ ಹೊಟ್ಟೆಯಡಿ ಒಂದೊಂದು ಕುಯೋಕ್ ಕಟ್ಟುವುದು. ಉಣ್ಣೆ ಮಿದ್ದು ಮಾಡಿದ ಮೊಳದುದ್ದದ ಗಡುಸು ಕಂಬಳಿ ತುಂಡು. ಬೆನ್ನ ಮೇಲೆ ದಾರ ಬಿಗಿದರೆ ಟಗರು ಎಷ್ಟೇ ಹಾರಾಡಲಿ, ಕೆಲಸ ಮಾತ್ರ ಆಗುವುದಿಲ್ಲ. ಶರತ್ಕಾಲದಲ್ಲಿ ಕುಯೋಕ್ ಬಿಚ್ಚುವ ದಿನ ಊರಿಗೆಲ್ಲ ಸಡಗರ. ಹೆಂಗಸರು ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿದು ಬೊರ್ಸೋಕ್ ಮಾಡಿ ತರುತ್ತಾರೆ, ಮಿಠಾಯಿ ಎರಚುತ್ತಾರೆ, ಅಜ್ಜಂದಿರು ಕೈಯೆತ್ತಿ ಹರಸುತ್ತಾರೆ, ಟಗರುಗಳು ಒಂದೇ ಉಸಿರಿಗೆ ಓಡುತ್ತವೆ.

ಹತ್ತೊಂಬತ್ತಕ್ಕೆ ಈ ಮನೆಗೆ ಸೊಸೆಯಾಗಿ ಬಂದಾಗ ಜೂರಾಕಾನಳಿಗೆ ಟಗರೆಂದರೆ ಭಯ. ಗಂಡ ಬೈಶೆನ್ ಆಗ ಸಾಮೂಹಿಕ ಹಿಡುವಳಿಯ ಇನ್ನೂರು ಟಗರುಗಳ ಕಾವಲಿನವನು. ಮೊದಲ ಬೇಸಿಗೆಯಲ್ಲೇ ಅವಳು ಒಂದು ಸಂಗತಿ ನೋಡಿದಳು. ಎರಡು ಟಗರುಗಳು ಯಾವಾಗಲೂ ಒಟ್ಟಿಗೆ. ಒಂದು ಮಲಗಿದರೆ ಇನ್ನೊಂದು ಅದರ ಬೆನ್ನಿಗೆ ಗದ್ದ ಊರಿ ಮಲಗುವುದು, ಮೂಸುವುದು, ಕುಯೋಕ್ ಕಟ್ಟಿದ್ದರೂ ಬಿಡದೆ ಹಾರುವುದು. ಹೊಸ ಸೊಸೆ, ಗಂಡನನ್ನು ಕೇಳುವುದಕ್ಕೆ ನಾಚಿಕೆ. ಹದಿನೈದು ದಿನ ತಡೆದು ಕೊನೆಗೆ ಕೇಳಿಯೇಬಿಟ್ಟಳು.

"ಅವೆರಡಕ್ಕೆ ಏನಾಗಿದೆ?"

"ಏನೂ ಆಗಿಲ್ಲ," ಎಂದ ಬೈಶೆನ್, ಚಹಾಕ್ಕೆ ಉಪ್ಪು ಹಾಕುತ್ತ. "ಅವಕ್ಕೆ ಹೆಣ್ಣು ಬೇಡ. ಹತ್ತು ಹನ್ನೆರಡರಲ್ಲಿ ಒಂದು ಹಂಗಿರುತ್ತೆ. ನಮ್ಮಪ್ಪನ ಕಾಲದಲ್ಲೂ ಇತ್ತು."

ಅದೇ ವರ್ಷ ಜಿಲ್ಲೆಯಿಂದ ಒಬ್ಬ ಪಶುವೈದ್ಯ ಬಂದ. ಅಂಥ ಹದಿನಾರು ಟಗರುಗಳನ್ನು ಆರಿಸಿ, ಪುಸ್ತಕದಲ್ಲಿ ರೋಗ ಎಂದು ಬರೆದು, ತಿಂಗಳುಗಟ್ಟಲೆ ಸೂಜಿ ಚುಚ್ಚಿದ. ಸೂಜಿಯ ಬಿಸಿಗೆ ಅವು ಇನ್ನಷ್ಟು ಹುರುಪಾದವು; ಓಡಿದ್ದು ಮಾತ್ರ ತಂತಮ್ಮ ಜೊತೆಗಾರರ ಕಡೆಗೇ. ವೈದ್ಯನ ಮುಖ ಇಂಗು ತಿಂದ ಮಂಗನಂತಾಯಿತು. ಬೈಶೆನ್ ಮೀಸೆಯಡಿಯಲ್ಲೇ ನಕ್ಕ. ಹದಿನಾರೂ ಮಾಂಸದ ಲಾರಿ ಹತ್ತಿದಾಗ ಮಾತ್ರ ಅವನು ನಗಲಿಲ್ಲ. ಅಂದು ಮಧ್ಯಾಹ್ನ ಅವನು ಊಟ ಮಾಡದೆ ಎದ್ದುಹೋದದ್ದನ್ನು ಜೂರಾಕಾನ್ ಮರೆತಿಲ್ಲ.

ಅವಳಿಗೆ ನಲವತ್ತಾದಾಗ ಬೈಶೆನ್ ತೀರಿಕೊಂಡ. ಹೆಂಗಸು ಟಗರು ಕಾಯುವುದುಂಟೆ ಎಂದು ಊರು ಮೂಗು ಮುರಿಯಿತು. ಆಕೆ ಯಾರ ಅಪ್ಪಣೆಗೂ ಕಾಯದೆ ಗಂಡನ ಟೋಪಿ ಹಾಕಿಕೊಂಡು, ಅತ್ತೆ ಕೈಯಾರೆ ಮಾಡಿದ್ದ ಕುಯೋಕುಗಳನ್ನು ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿದಳು. ಆಮೇಲೆ ಸಾರಿಬುಲುಂಗಿನಲ್ಲಿ ಒಂದೇ ಒಂದು ಮರಿಯೂ ಹೊತ್ತಲ್ಲದ ಹೊತ್ತಿನಲ್ಲಿ ಹುಟ್ಟಿಲ್ಲ. ಇದು ಬಡಾಯಿಯಲ್ಲ; ಯಾರನ್ನು ಬೇಕಾದರೂ ಕೇಳಬಹುದು.

ಅಂಥವಳ ಕೈಯಿಂದ ಕುಯೋಕ್ ಕಿತ್ತುಕೊಳ್ಳಲು ಊರು ಹೊರಟದ್ದು ಮೂರು ವರ್ಷದ ಹಿಂದೆ. ಅದಕ್ಕೆ ಕಾರಣ ಅಸನಾಲಿಯ ಟಗರು.

ಅಸನಾಲಿ ಹುಲ್ಲುಗಾವಲು ಸಮಿತಿಯ ಮುಖ್ಯಸ್ಥ, ಬೈಶೆನನಿಗೆ ದೂರದ ತಮ್ಮನಾಗಬೇಕು. ಕೆಟ್ಟವನಲ್ಲ, ಹೆಮ್ಮೆ ಸ್ವಲ್ಪ ಹೆಚ್ಚು, ಅಷ್ಟೆ. ಆ ವರ್ಷ ಮಗಳನ್ನು ಕಣಿವೆಯಾಚೆಯ ದೊಡ್ಡ ಮನೆಗೆ ಕೊಟ್ಟಿದ್ದ. ಬೀಗ ಓಮುರ್ಜಾಕ್ ಮದುವೆಯ ಮರುತಿಂಗಳೇ ಒಂದು ಟಗರನ್ನು ಕಾಣಿಕೆ ಕಳಿಸಿದ. ಹಾಲಿನಂಥ ತಲೆ, ಎರಡು ಸುತ್ತು ಸುತ್ತಿದ ಕೊಂಬು, ನಡೆದರೆ ನೆಲ ಅದರದ್ದೇ ಎನ್ನಬೇಕು. ಅಕ್‌ಬಾಶ್ ಎಂದು ಹೆಸರು. ಅಸನಾಲಿ ಹಿಗ್ಗಿ ಹೀರೇಕಾಯಿಯಾದ. ಹಿಗ್ಗಿನಲ್ಲಿ ತನ್ನ ಹಳೆಯ ಮೂರು ಟಗರುಗಳಲ್ಲಿ ಎರಡನ್ನು ಸಂತೆಗೆ ಹೊಡೆದ, ಒಂದನ್ನು ಕಡಿದು ನೆಂಟರಿಗೆ ಉಣಬಡಿಸಿದ. ಅರವತ್ತು ಕುರಿಗೆ ಬೀಗರ ಟಗರೊಂದೇ ಸಾಕು ಎಂದ.

ಜುಲೈಯಲ್ಲಿ ಜೂರಾಕಾನ್ ಗುಡ್ಡದಿಂದಿಳಿದು ಅವನ ಮನೆಗೇ ಹೋದಳು.

"ಮೈದುನ, ಇನ್ನೊಂದು ಟಗರು ನೋಡ್ಕೋ."

"ಯಾಕತ್ತಿಗೆ? ಅಕ್‌ಬಾಶ್‌ಗೆ ಹುಷಾರಿಲ್ವಾ?"

"ಕಲ್ಲುಗುಂಡಿನಂಗಿದ್ದಾನೆ. ಆದ್ರೆ ನನ್ನ ಚುನಕ್‌ನ ಬಿಟ್ಟು ಒಂದು ಹೆಜ್ಜೆ ಕದಲಲ್ಲ. ಹೊಳೆ ಹತ್ರ ಕುರಿಗಳು ಎದುರಿಗೇ ಬಂದ್ರೂ ತಿರುಗಿ ನೋಡಲ್ಲ. ಅವನು ಗಂಡುಗಳ ಕಡೆಯವನು."

ಚುನಕ್ ಅವಳ ಸ್ವಂತ ಟಗರು. ಬೂದು ಬಣ್ಣ, ಗಿಡ್ಡ ಕಾಲು, ಹುಟ್ಟಾ ಕಿವಿ ಎರಡೂ ಹೆಬ್ಬೆರಳ ಗಾತ್ರ. ಅದರ ವಂಶವೇ ಹಾಗೆ.

ಅಸನಾಲಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅತ್ತಿಗೆ, ಬಿಸಿಲಲ್ಲಿ ಕೂತು ಕೂತು ನಿಂಗೆ ಏನೇನೋ ಕಾಣ್ಸುತ್ತೆ. ಬೀಗರು ಕಳಿಸಿದ ಟಗರದು!"

"ಬೀಗರು ಕಳಿಸಿದ್ರೆ ಅದು ಬೇರೆ ಪ್ರಾಣಿ ಆಗ್ಬಿಡುತ್ತಾ? ಹೇಳೋದು ಹೇಳಿದೀನಿ," ಎಂದು ಆಕೆ ಎದ್ದು ಬಂದಳು.

ಕುಯೋಕ್ ಬಿಚ್ಚುವ ದಿನ ಬಂತು. ಬೀಗರ ಟಗರಿನ ಪ್ರತಾಪ ನೋಡಲೆಂದು ಅಸನಾಲಿ ಅರ್ಧ ಊರನ್ನೇ ತನ್ನ ದೊಡ್ಡಿಯ ಮುಂದೆ ಸೇರಿಸಿದ್ದ. ದೊಡ್ಡಿಯ ಬಾಗಿಲು ತೆರೆದಿತ್ತು, ಬೆದೆಗೆ ಬಂದ ಕುರಿಗಳು ಬಾಲ ಆಡಿಸುತ್ತಿದ್ದವು. ಜೂರಾಕಾನ್ ದಾರ ಬಿಚ್ಚಿದಳು. ಅಕ್‌ಬಾಶ್ ಮೈಕೊಡವಿ, ಅರವತ್ತು ಕುರಿಗಳ ಕಡೆಗೊಮ್ಮೆ ನೋಡಿ, ಹಿಂತಿರುಗಿ, ಜನರ ನಡುವೆ ದಾರಿ ಮಾಡಿಕೊಂಡು ಚುನಕ್ ನಿಂತಿದ್ದಲ್ಲಿಗೆ ಹೋಗಿ ಅದರ ಬೆನ್ನೇರಿತು. ಚುನಕ್ ಅಲುಗಾಡದೆ ನಿಂತುಕೊಂಡಿತು.

ಬೊರ್ಸೋಕ್ ಬಾಯಲ್ಲಿಟ್ಟುಕೊಂಡಿದ್ದ ಒಬ್ಬಳು ಮುದುಕಿ, "ಅಯ್ಯೋ, ಹೊಸ ಮದುಮಗನಿಗೆ ಮನೆ ತಪ್ಪೋಯ್ತು!" ಎಂದಳು. ನಗೆಯೆಂದರೆ ನಗೆ; ಬೊರ್ಸೋಕ್ ನೆತ್ತಿಗೇರಿ ಆಕೆಯ ಬೆನ್ನು ತಟ್ಟಬೇಕಾಯಿತು.

ಅಸನಾಲಿಯ ಮುಖ ಕೆಂಪಾಯಿತು. ನಗುತ್ತಿದ್ದವರನ್ನು ಬಿಟ್ಟು, ನಗದೆ ನಿಂತಿದ್ದ ಜೂರಾಕಾನಳ ಮೇಲೆ ತಿರುಗಿದ.

"ಇದು ನಿನ್ನ ಕೆಲಸ! ಆರು ತಿಂಗಳು ಗಂಡುಗಳ ಮಧ್ಯೆ ಕೂಡಿ ಹಾಕಿ, ಆ ಕಂಬಳಿ ಬಿಗಿಯಾಗಿ ಕಟ್ಟಿ, ನನ್ನ ಟಗರನ್ನ ಹಾಳು ಮಾಡಿದ್ದೀಯ!"

"ಮೂವತ್ತನಾಲ್ಕಕ್ಕೂ ಒಂದೇ ಥರ ಕಟ್ಟಿದೀನಿ. ಮಿಕ್ಕಿದ್ದೆಲ್ಲಾ ಎಲ್ಲಿ ಹೋದ್ವು ನೋಡು," ಎಂದಳು ಆಕೆ. ಮಿಕ್ಕವೆಲ್ಲ ಆಗಲೇ ತಂತಮ್ಮ ಮನೆಯ ಕುರಿಗಳ ಮಧ್ಯೆ ಬಿಡುವಿಲ್ಲದೆ ದುಡಿಯುತ್ತಿದ್ದವು.

ಅಸನಾಲಿ ಕೇಳುವ ಸ್ಥಿತಿಯಲ್ಲಿರಲಿಲ್ಲ. ಇನ್ನು ಊರಿನ ಟಗರು ಇವಳ ಕೈಗೆ ಬೇಡ, ತನ್ನ ಅಣ್ಣನ ಮಗ ಕುಬಾತ್ ಕಾಯಲಿ, ಮುದುಕಿ ಮನೆಯಲ್ಲಿ ಕೂತು ಉಣ್ಣೆ ಹಿಂಜಲಿ ಎಂದ. ನಕ್ಕವರು ಸುಮ್ಮನಾದರು. ಹುಲ್ಲುಗಾವಲು ಹಂಚುವವನು ಅವನು. ಅವನನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗಿದೆ? ಒಬ್ಬಿಬ್ಬರು ಸರಿಯೆಂದು ತಲೆಯಾಡಿಸಿಯೂಬಿಟ್ಟರು. ಇಪ್ಪತ್ತೈದು ವರ್ಷ ಇವರ ಟಗರುಗಳನ್ನು ಮಳೆ ಹಿಮ ಎನ್ನದೆ ಕಾದದ್ದಕ್ಕೆ ಸಿಕ್ಕ ಸಂಬಳ ಅದು. ಜೂರಾಕಾನ್ ಬಿಚ್ಚಿದ ಕುಯೋಕನ್ನು ಹೆಗಲಿಗೆ ಹಾಕಿಕೊಂಡಳು. ದನಿ ಏರಿಸದೆ ಹೇಳಿದಳು.

"ಹದಿನೇಳು ದಿನ ಕೊಡು. ಎಲ್ಲಾ ಕುರಿಗೂ ಒಂದು ಸಲ ಬೆದೆ ಬಂದು ಹೋಗೋಕೆ ಅಷ್ಟು ಸಾಕು. ನಿನ್ನ ಟಗರಿನ ಎದೆಗೆ ದಿನಾ ಬೆಳಿಗ್ಗೆ ಬಂದು ಕೆಮ್ಮಣ್ಣು ಬಳೀತೀನಿ. ಕುರಿಗಳ ಜೊತೆ ಕೂಡಿ ಹಾಕು, ಬಾಗಿಲಿಗೆ ಬೀಗ ಹಾಕು, ಬೀಗದ ಕೈ ನಿನ್ನ ಹತ್ರಾನೇ ಇರ್ಲಿ. ಅರವತ್ತರಲ್ಲಿ ಒಂದೇ ಒಂದು ಕುರಿ ಬೆನ್ನು ಕೆಂಪಾದ್ರೆ, ಕುಯೋಕೆಲ್ಲಾ ನಾನೇ ಕುಬಾತ್ ಮನೆಗೆ ಹೊತ್ತು ಹಾಕ್ತೀನಿ."

"ಆಗ್ದೇ ಇದ್ರೆ?"

"ಆಗ್ದೇ ಇದ್ರೆ ಇನ್ಮೇಲೆ ಟಗರಿನ ವಿಷ್ಯದಲ್ಲಿ ನೀನು ಬಾಯಿ ಬಿಡಬಾರ್ದು."

ಊರೆಲ್ಲ ಸಾಕ್ಷಿ. ಅಸನಾಲಿ ಒಪ್ಪಲೇಬೇಕಾಯಿತು.

ಆ ಹದಿನೇಳು ದಿನ ದೊಡ್ಡಿಯ ಗೋಡೆಗೆ ಒರಗಿ ನೋಡುವುದೇ ಊರಿಗೆ ಕಸುಬಾಯಿತು. ಜೂರಾಕಾನ್ ಬೆಳಿಗ್ಗೆ ಕೆಮ್ಮಣ್ಣನ್ನು ಕುರಿಬಾಲದ ಕೊಬ್ಬಿನಲ್ಲಿ ಕಲಸಿಕೊಂಡು ಬಂದು ಅಕ್‌ಬಾಶ್‌ನ ಎದೆಗೆ ಗಟ್ಟಿಯಾಗಿ ಬಳಿದು ಹೋಗುವಳು. ಅಸನಾಲಿ ಮೊದಲ ದಿನ ಜವೆ ತಿನ್ನಿಸಿದ, ಮೂರನೆಯ ದಿನ ಜವೆಗೆ ಮೊಟ್ಟೆ ಒಡೆದು ಹಾಕಿದ, ಎಂಟನೆಯ ದಿನ ಮುಲ್ಲಾನನ್ನು ಕರೆಸಿ ದುವಾ ಓದಿಸಿ ಊದಿಸಿದ. ಹತ್ತನೆಯ ದಿನ ತಾನೇ ಒಂದು ಕುರಿಯನ್ನು ಹಿಡಿದುಕೊಂಡು ಅಕ್‌ಬಾಶ್‌ನ ಮೂಗಿನ ಮುಂದೆ ಒಂದು ಗಂಟೆ ನಿಂತ. ಟಗರು ಅವನನ್ನೂ ಕುರಿಯನ್ನೂ ಸುತ್ತುಹಾಕಿ ಗೋಡೆಯ ಬಳಿ ಹೋಯಿತು. ಆ ಗೋಡೆಯಾಚೆಗೆ ಎರಡು ಮನೆ ದಾಟಿದರೆ ಜೂರಾಕಾನಳ ಅಂಗಳ. ಚುನಕ್ ಅಲ್ಲಿ ಅವಳ ಹದಿನೆಂಟು ಕುರಿಗಳ ಕೆಲಸವನ್ನು ತಪ್ಪದೆ ಮುಗಿಸಿ, ತಾನೂ ಈಚೆಯ ಗೋಡೆಗೆ ಬಂದು ನಿಲ್ಲುತ್ತಿತ್ತು. ಚುನಕ್‌ಗೆ ಹೆಣ್ಣೂ ಆಗುತ್ತದೆ, ಅಕ್‌ಬಾಶೂ ಆಗುತ್ತದೆ. ಅಕ್‌ಬಾಶ್‌ಗೆ ಚುನಕ್ ಒಂದೇ.

ಅದು ಮೇವು ಬಿಡುತ್ತ ಬಂತು. ಅಸನಾಲಿಗೆ ಸೋಲುತ್ತೇನೆಂಬ ಸಿಟ್ಟು. ಜೂರಾಕಾನಳಿಗೆ ಗೆದ್ದೇ ಗೆಲ್ಲುತ್ತೇನೆಂಬ ನಂಬಿಕೆಯ ಒಳಗೇ ಒಂದು ಸಂಕಟ. ಕೆಮ್ಮಣ್ಣು ಬಳಿಯುವಾಗ ಪಕ್ಕೆಲುಬು ಕೈಗೆ ಸಿಗುತ್ತಿತ್ತು. "ಇನ್ನು ನಾಲ್ಕೇ ದಿನ ಕಣೋ. ತಡ್ಕೋ," ಎಂದು ಅದರ ಕೊಂಬಿನ ಬುಡ ತುರಿಸಿ ಬರುವಳು.

ಹದಿನೇಳನೆಯ ದಿನ ಮಧ್ಯಾಹ್ನ ಅರವತ್ತು ಕುರಿಗಳನ್ನೂ ಒಂದೊಂದಾಗಿ ಬಾಗಿಲಲ್ಲಿ ಹೊರಗೆ ಬಿಟ್ಟರು. ಕುಬಾತನೇ ಬೆನ್ನು ನೋಡಿದ. ಬಿಳಿ, ಬೂದು, ಕಂದು. ಕೆಂಪು ಒಂದೂ ಇಲ್ಲ. ಕೊನೆಯ ಕುರಿ ಹೊರಬಿದ್ದ ಮೇಲೆ ಅಕ್‌ಬಾಶ್ ಬಂತು. ಯಾರೂ ಹೊಡೆಯಲಿಲ್ಲ, ಕರೆಯಲಿಲ್ಲ. ಬೀದಿ ಹಿಡಿದು ಜೂರಾಕಾನಳ ಅಂಗಳಕ್ಕೆ ನೇರವಾಗಿ ಹೋಯಿತು. ಜನ ಹಿಂದೆಯೇ ಹೋದರು. ಅವರು ತಲುಪುವಷ್ಟರಲ್ಲಿ ಚುನಕ್‌ನ ಬೆನ್ನು ಬಾಲದಿಂದ ಭುಜದವರೆಗೆ ಕೆಂಪಾಗಿತ್ತು.

ಕುಬಾತ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಚಿಕ್ಕಪ್ಪ, ನಂಗೆ ಈ ಕೆಲಸ ಬೇಡ. ದೊಡ್ಡಮ್ಮನ ಹತ್ರಾನೇ ಇರ್ಲಿ."

ಅಸನಾಲಿ ಸೊಂಟದ ಚೂರಿಗೆ ಕೈ ಹಾಕಿದ. ಮಾತಿನಲ್ಲಿ ಸೋತಿದ್ದ; ಕೋಪಕ್ಕೆ ಬೇರೆ ದಾರಿ ಉಳಿದಿರಲಿಲ್ಲ. "ಕುಬಾತ್, ಹಿಡ್ಕೋ ಅದನ್ನ. ಇವತ್ತೇ ಕಡಿದು ಹಾಕ್ತೀನಿ."

ಮಾಂಸದ ಲಾರಿಯೂ ಊಟ ಬಿಟ್ಟೆದ್ದ ಬೈಶೆನನೂ ಜೂರಾಕಾನಳ ಕಣ್ಣ ಮುಂದೆ ಬಂದರು. ಆದರೂ ಆಕೆ ಅಳುವ ಹೆಂಗಸಲ್ಲ. ಟಗರಿಗೂ ಚೂರಿಗೂ ನಡುವೆ ಬಂದು ನಿಂತು ಆ ತಿರುಗಿದ ಹೆಬ್ಬೆರಳನ್ನು ಅಸನಾಲಿಯ ಎದೆಗೆ ಒತ್ತಿದಳು.

"ಕಡಿ. ಆಮೇಲೆ ನಿನ್ನ ಅರವತ್ತು ಕುರಿಗೆ ನೀನೇ ಹಾರ್ತೀಯಾ?"

ಜನ ಗೊಳ್ಳೆಂದರು.

"ನಗಬೇಡ್ರೋ. ಕೇಳು ಮೈದುನ. ಒಂದು ಬೆದೆ ಕಳೀತು, ಇನ್ನೊಂದು ಇವತ್ತಿಂದ ಶುರು. ಇದೂ ತಪ್ಪಿದ್ರೆ ಬೇಸಿಗೆ ಮರಿ ಆಗುತ್ತೆ, ಮುಂದಿನ ಚಳಿಗೆ ಉಳಿಯಲ್ಲ. ಊರ ಟಗರೆಲ್ಲಾ ಅವರವರ ಮಂದೆ ಜೊತೆ ಚಳಿಗಾಲದ ದೊಡ್ಡಿಗೆ ಹೋಗಿವೆ. ಇಲ್ಲಿ ಉಳಿದಿರೋದು ನನ್ನ ಚುನಕ್ ಒಂದೇ. ಕೊಡ್ತೀನಿ, ಕರ್ಕೊಂಡು ಹೋಗು. ಆದ್ರೆ ಈ ಬಿಳಿ ತಲೆಯವನ ಜೊತೆಗೇ ಕೊಡೋದು. ಇವನನ್ನ ಕಡಿದ್ರೆ ಚುನಕ್ ನಿನ್ನ ದೊಡ್ಡಿಗೆ ಕಾಲಿಡಲ್ಲ. ಎರಡನ್ನೂ ಒಟ್ಟಿಗೆ ಇಟ್ಕೋ, ಇಲ್ಲಾ ಎರಡೂ ಇಲ್ಲ."

ಅಸನಾಲಿ ಹಲ್ಲು ಕಡಿದ. ಅರವತ್ತು ಕುರಿ ಎಂದರೆ ಆ ಮನೆಯ ವರ್ಷದ ಅನ್ನ. ಚೂರಿ ಒರೆಗೆ ಹೋಯಿತು.

ಹಾಗೆ ಎರಡೂ ಅಸನಾಲಿಯ ದೊಡ್ಡಿ ಸೇರಿದವು. ಚುನಕ್ ಗಿಡ್ಡ ಕಾಲಲ್ಲೇ ಅರವತ್ತನ್ನೂ ಸುಧಾರಿಸಿತು. ಅಕ್‌ಬಾಶ್ ಮೂಲೆಯಲ್ಲಿ ಮೆಲುಕು ಹಾಕುತ್ತ, ಜೊತೆಗಾರನ ಕೆಲಸ ಮುಗಿಯಲಿ ಎಂದು ಕಾದು, ಮಲಗುವಾಗ ಅದರ ಬೆನ್ನಿಗೆ ಗದ್ದ ಊರುತ್ತಿತ್ತು. ಮೊದಮೊದಲು ಅಸನಾಲಿ ಆ ಕಡೆ ನೋಡದೆ ಹುಲ್ಲು ಎಸೆದು ಹೋಗುತ್ತಿದ್ದ. ಜನವರಿಯ ಹೊತ್ತಿಗೆ ನಿಂತು ನೋಡುತ್ತಿದ್ದನೆಂದು ಅವನ ಹೆಂಡತಿ ಜೂರಾಕಾನಳ ಬಳಿ ಹೇಳಿದಳು.

ಏಪ್ರಿಲ್ ನಡುವಿನಿಂದ ಕುರಿಗಳು ಈದವು. ಐವತ್ತೆಂಟು ಮರಿ, ಒಂದಕ್ಕಿಂತ ಒಂದು ಗಟ್ಟಿ. ಒಂದೇ ತೊಂದರೆ: ಯಾವುದಕ್ಕೂ ಹೇಳಿಕೊಳ್ಳುವಂಥ ಕಿವಿಯಿರಲಿಲ್ಲ. ಅಷ್ಟೂ ಚುನಕ್‌ನ ಹೆಬ್ಬೆರಳ ಗಾತ್ರದ ಮೊಟಕು ಕಿವಿಗಳು. ಆಗಲೇ ಬೀಗ ಓಮುರ್ಜಾಕ್ ಹೇಳಿ ಕಳಿಸಿದ: ನಾಳೆ ಬರುತ್ತೇನೆ, ಅಕ್‌ಬಾಶ್‌ನ ಮರಿಗಳನ್ನು ನೋಡಬೇಕು.

ಅಸನಾಲಿ ಓಡೋಡಿ ಬಂದ. "ಅತ್ತಿಗೆ, ಮರ್ಯಾದೆ ಉಳಿಸು. ನಿನ್ನ ಮಾತನ್ನ ಕಣಿವೆಯೆಲ್ಲಾ ನಂಬುತ್ತೆ. ಇವು ಅಕ್‌ಬಾಶ್‌ನ ಮರಿಗಳೇ, ಹುಟ್ಟಿದ ದಿನ ಹಿಮ ಹೊಡೆದು ಕಿವಿ ಉದುರಿಹೋಯ್ತು ಅಂತ ಒಂದು ಮಾತು ಹೇಳ್ಬಿಡು."

"ಐವತ್ತೆಂಟಕ್ಕೂ? ಎರಡೂ ಕಿವಿ? ಅಳತೆ ಹಿಡಿದು?" ಎಂದಳು ಜೂರಾಕಾನ್. "ನಿನ್ನ ಬೀಗ ಕುರಿ ಸಾಕೋನು ಕಣೋ, ಬಸ್ ಡ್ರೈವರ್ ಅಲ್ಲ. ನಾನು ಟಗರಿನ ವಿಷ್ಯದಲ್ಲಿ ಇದುವರೆಗೆ ಸುಳ್ಳು ಹೇಳಿಲ್ಲ. ನಿನ್ನ ಮರ್ಯಾದೆಗೋಸ್ಕರ ಶುರು ಮಾಡಲ್ಲ."

ಓಮುರ್ಜಾಕ್ ಮರುದಿನ ಬಂದ. ಎತ್ತರದ ಆಳು, ಎಪ್ಪತ್ತು ದಾಟಿದವನು, ಮಾತು ಕಡಿಮೆ. ಒಂದು ಮರಿಯನ್ನೆತ್ತಿ ಕಿವಿ ಸವರಿದ, ಇನ್ನೊಂದನ್ನೆತ್ತಿ ಸವರಿದ. ಜೂರಾಕಾನಳೇ ಹೇಳಿದಳು.

"ಇವು ನಿಮ್ಮ ಟಗರಿನ ಮರಿಗಳಲ್ಲ ಅಣ್ಣ. ನಿಮ್ಮ ಟಗರಿಗೆ ಹೆಣ್ಣು ಬೇಡ. ಅಗೋ, ಅಲ್ಲಿ ಮಲಗಿದೆಯಲ್ಲ ಗಿಡ್ಡ, ಅವನು ಬೇಕು."

ಓಮುರ್ಜಾಕ್ ಅತ್ತ ನೋಡಿದ. "ಮತ್ತೆ ಒಬ್ಬ ಸಿಕ್ಕಿದ್ನಾ ಅವನಿಗೆ?" ಎಂದ.

ಅಸನಾಲಿ ಬೆಪ್ಪಾದ. "ಮತ್ತೆ ಅಂದ್ರೆ?"

ಮುದುಕ ಮರಿಯನ್ನು ಕೆಳಗಿಳಿಸಿದ. "ನಮ್ಮನೇಲಿ ಇವನ ಜೊತೆ ಕರಿ ಟಗರೊಂದಿತ್ತು. ಮೂರು ವರ್ಷ ಎರಡೂ ಹಿಂಗೇ. ಕುರಿ ಮುಟ್ಟಲ್ಲ, ದಂಡದ ಮೇವು ಅಂದ್ಕೊಂಡು ಮದುವೆಗೆ ಕರಿದನ್ನ ಕಡಿದ್ವಿ. ಮಾರನೇ ದಿನ ಇವನನ್ನ ಕಡಿಯೋದು ಅಂತಿತ್ತು. ಹೋಗಿ ನೋಡ್ತೀನಿ, ಕರಿಯನ ಚರ್ಮ ಹರಡಿದ್ವಲ್ಲ, ಅದರ ಮೇಲೆ ಗದ್ದ ಇಟ್ಕೊಂಡು ಮಲಗಿದ್ದಾನೆ. ಹನ್ನೆರಡು ದಿನ ಮೇವು ಮುಟ್ಟಲಿಲ್ಲ. ಕಡಿಯೋಕೂ ಕೈ ಬರ್ಲಿಲ್ಲ, ನೋಡೋಕೂ ಆಗ್ಲಿಲ್ಲ. ನಿಮ್ಮೂರಲ್ಲಿ ಟಗರು ಬಲ್ಲ ಹೆಂಗಸೊಬ್ಬಳಿದ್ದಾಳೆ ಅಂತ ಕೇಳಿದ್ದೆ. ಕಳಿಸಿಬಿಟ್ಟೆ."

"ಒಂದು ಮಾತು ಹೇಳಿ ಕಳಿಸೋದಲ್ವಾ?" ಎಂದು ಜೂರಾಕಾನ್ ರೇಗಿದಳು. "ನನ್ನ ಹೊಟ್ಟೆಪಾಡೇ ಹೋಗ್ತಿತ್ತು!"

"ಬೀಗರಿಗೆ ಅದನ್ನ ಹೆಂಗಮ್ಮ ಹೇಳಿ ಕಳಿಸೋದು?" ಎಂದ ಮುದುಕ. ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು.

ಅಸನಾಲಿ ಏನೋ ಲೆಕ್ಕ ಹಾಕುತ್ತಿದ್ದವನಂತೆ ನಿಂತಿದ್ದ. ಮದುವೆಯೂಟದಲ್ಲಿ ಹುಡುಗಿಯ ತಂದೆಗೆ ಗೌರವವೆಂದು ಕಡಿದ ಟಗರಿನ ತಲೆ ಬಡಿಸುತ್ತಾರೆ. ತನ್ನ ತಟ್ಟೆಗೆ ಬಂದಿದ್ದ ತಲೆಯ ಕಿವಿಯನ್ನು ಕೊಯ್ದು ಅವನು ಮಗಳಿಗೆ ಕೊಟ್ಟಿದ್ದ, ಕಣ್ಣನ್ನು ಬೀಗನಿಗೆ ಕೊಟ್ಟಿದ್ದ, ಮಿಕ್ಕದ್ದನ್ನು ತಾನೇ ಚೊಕ್ಕವಾಗಿ ತಿಂದು ಹೊಗಳಿದ್ದ.

"ಆ ದಿನ ನಂಗೆ ಬಡಿಸಿದ ತಲೆ..." ಎಂದ.

"ಹೂಂ," ಎಂದ ಓಮುರ್ಜಾಕ್. "ಅವನದ್ದೇ."

ಬೀಗರಿಗೆ ಆ ಮಧ್ಯಾಹ್ನ ಅಸನಾಲಿಯ ಮನೆಯಲ್ಲಿ ಮಾಂಸದೂಟವೇ ಆಯಿತು. ಅವನು ಮಾತ್ರ ಬರೀ ಚಹಾ ಕುಡಿದು ಎದ್ದ. ಬಡಿಸಲು ನೆರವಾಗಿದ್ದ ಜೂರಾಕಾನ್ ಅದನ್ನು ನೋಡಿದಳು.

ಮೇ ತಿಂಗಳಲ್ಲಿ ಹುಲ್ಲು ಚಿಗುರಿತು. ಊರಿನವರು ಎಂದಿನಂತೆ ಟಗರುಗಳನ್ನು ತಂದರು. ಅಂದು ಅಸನಾಲಿಯ ಮಾತಿಗೆ ತಲೆಯಾಡಿಸಿದ್ದ ಒಬ್ಬಿಬ್ಬರು ಆಕೆಯ ಮುಖ ನೋಡಲಾಗದೆ ಹಗ್ಗವನ್ನು ಗೂಟಕ್ಕೆ ಕಟ್ಟಿ ಹೋದರು. ಎಲ್ಲರಿಗಿಂತ ಕೊನೆಗೆ ಅಸನಾಲಿ ಬಂದ. ಬೇರೆ ವರ್ಷ ಆಳನ್ನು ಕಳಿಸುತ್ತಿದ್ದವನು, ಈ ಸಲ ಅಕ್‌ಬಾಶ್‌ನ ಕೊರಳ ಹಗ್ಗ ತಾನೇ ಹಿಡಿದುಕೊಂಡಿದ್ದ. ಹಿಂದೆ ಒಂದು ಹೊಸ ಟಗರೂ ಇತ್ತು, ಅವನ ಅರವತ್ತು ಕುರಿಗೆಂದು. ಅವನು ಹಗ್ಗ ಬಿಡುವ ಮೊದಲೇ, ಜೊತೆಗೇ ಬಂದಿದ್ದ ಚುನಕ್ ಅಕ್‌ಬಾಶ್‌ನ ಕೊರಳು ಮೂಸಿತು.

ಜೂರಾಕಾನ್ ಮೊಣಕಾಲೂರಿ ಒಂದೊಂದಕ್ಕೂ ಕುಯೋಕ್ ಕಟ್ಟುತ್ತ ಬಂದಳು. ಹೊಸದಕ್ಕೆ ಕಟ್ಟಿದಳು. ಚುನಕ್‌ಗೆ ಕಟ್ಟಿದಳು. ಅಕ್‌ಬಾಶ್‌ನ ಮುಂದೆ ಬಂದು, ಅದರ ಕೊಂಬಿನ ಬುಡ ತುರಿಸಿ, ಎದ್ದು ನಿಂತಳು. ಒಂದು ಕುಯೋಕ್ ಗೋಡೆಯ ಮೊಳೆಯಲ್ಲೇ ಉಳಿಯಿತು.

"ಅತ್ತಿಗೆ, ಇವನಿಗೆ?" ಎಂದ ಅಸನಾಲಿ.

"ಇವನಿಗೆ ಯಾತಕ್ಕೋ?" ಎಂದಳು ಆಕೆ.

ಅಸನಾಲಿ ಮೊಳೆಯ ಕಡೆ ನೋಡಿದ, ಟಗರಿನ ಕಡೆ ನೋಡಿದ. ಆಮೇಲೆ ಹಗ್ಗದ ಗಂಟು ಬಿಚ್ಚಿ, ಅಕ್‌ಬಾಶ್‌ನ ಬೆನ್ನು ತಟ್ಟಿ, "ಸರಿ, ಹೋಗೋ," ಎಂದ.